ಹತ್ತುಮೀನು: ಶಂಕರಘಟ್ಟದ ಟಿಪ್ಪಣಿಗಳು

ಮೃಗಶಿರಾ ಮಳೆ ರಾತ್ರಿಯಿಡೀ ಹುಯ್ದಿದೆ. ವಿಶ್ವವಿದ್ಯಾಲಯದ ಆವರಣ ಜ್ಞಾನಸಹ್ಯಾದ್ರಿಯ ಆಚೆ ಗದ್ದೆ ಬದುಗಳ ಮೇಲೆ ಟಾರ್ಚುಗಳು ಓಡಾಡುತ್ತಿವೆ. ಹತ್ತುಮೀನು ಬಂದಿದೆಯಂತೆ. ಕೆಂಪು ನೀರಿಗೆ ಎದುರಾಗಿ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುವ ಮೀನು. ಮುರುಗೋಡು, ಬಾಳೆ, ಗೆಂಡೆ. ಮೊಟ್ಟೆಯಿಡಲು ಬರುತ್ತವೆ. ಬದುವಿನ ಕಂಡಿಯಲ್ಲಿ ಮೀನು ಹಿಡಿಯುವ ಬಿದಿರಿನ ಕೂಣಿ ಕಾದಿರುತ್ತದೆ, ಕೆಲವರ ಕೈಯಲ್ಲಿ ಕತ್ತಿ.

ಇದೇ ರಾತ್ರಿ ಬರಬೇಕೆಂದು ಮೀನಿಗೆ ಗೊತ್ತಾಗುವುದು ಹೇಗೆ? ಮೇ ತಿಂಗಳ ಅಡ್ಡಮಳೆಗೂ ಹಳ್ಳ ಕೆಂಪಾಗಿತ್ತು. ಆಗ ಒಂದೂ ಕಾಣಲಿಲ್ಲ. ಕೂಣಿ ಇಟ್ಟಿದ್ದ ಹಿರಿಯರನ್ನು ಕೇಳಿದೆ. "ಗುಡುಗು ಕೇಳ್ತದಲ್ಲ ಸಾರ್, ಅದ್ಕೂ ಕಿವಿ ಐತಿ" ಎಂದರು.

ಅವರ ಮಾತು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಗೆಂಡೆ, ಮುರುಗೋಡು, ಬಾಳೆಗಳ ಗಾಳಿಚೀಲಕ್ಕೂ ಒಳಕಿವಿಗೂ ನಡುವೆ ಪುಟ್ಟ ಎಲುಬುಗಳ ಸರಪಳಿಯಿದೆ. ನೀರಿನ ಕಂಪನವನ್ನು ಚೀಲ ಹಿಡಿಯುತ್ತದೆ, ಎಲುಬುಗಳು ಕಿವಿಗೆ ದಾಟಿಸುತ್ತವೆ. ಹೀಗೇ ಹೊಳೆ ಹತ್ತುವ ಇನ್ನೊಂದು ಮೀನು ಸಾಲ್ಮನ್‌ಗೆ ಈ ಏರ್ಪಾಡಿಲ್ಲ. ಆದರೆ ಗುಡುಗು ಮೇ ತಿಂಗಳಲ್ಲೇ ಹೆಚ್ಚು. ಹಾಗಾದರೆ ಕಿವಿಯೊಂದೇ ಸಾಲದು. ನೀರು ತಣ್ಣಗಾಗಬೇಕು, ಸೆಳವು ಬೇಕು, ಹೊಟ್ಟೆಯಲ್ಲಿ ಮೊಟ್ಟೆ ಬಲಿತಿರಬೇಕು.

ಸಾಲ್ಮನ್ ನಂಬುವುದು ಮೂಗನ್ನು. ಉತ್ತರ ಅಮೆರಿಕದ ಪಶ್ಚಿಮದ ಹೊಳೆಗಳಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಹುಟ್ಟಿದ ಹೊಳೆಯನ್ನೇ ಹುಡುಕಿ ಬರುತ್ತದೆ. 1950ರ ದಶಕದಲ್ಲಿ ವಿಜ್ಞಾನಿ ಆರ್ಥರ್ ಹ್ಯಾಸ್ಲರ್ ಮತ್ತು ಸಂಗಡಿಗರು ಕೆಲವು ಸಾಲ್ಮನ್‌ಗಳ ಮೂಗಿನ ಹೊಳ್ಳೆ ಮುಚ್ಚಿ ಬಿಟ್ಟು ನೋಡಿದರು. ಹೊಳೆ ಕವಲೊಡೆಯುವಲ್ಲಿ ಅವು ದಾರಿ ತಪ್ಪಿದವು. ಅಲ್ಲಿನ ಸ್ಟೀಲ್‌ಹೆಡ್ ಎಂಬ ಮೀನು ಮೊಟ್ಟೆಯಿಟ್ಟ ಮೇಲೂ ಬದುಕುಳಿದು ಮತ್ತೆ ಕಡಲಿಗೆ ಹೋಗಬಲ್ಲದು. ಪೆಸಿಫಿಕ್ ಸಾಲ್ಮನ್‌ಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ನಮ್ಮ ಮುರುಗೋಡು ಕಡಲನ್ನೇ ಕಾಣದು. ಅದೂ ತಾನು ಹುಟ್ಟಿದ ಗದ್ದೆಯ ವಾಸನೆ ಹಿಡಿದೇ ಬರುತ್ತದೆಯೋ, ಸಿಕ್ಕ ಸೆಳವಿಗೆ ಮೈಯೊಡ್ಡುತ್ತದೆಯೋ? ಕೂಣಿಯ ಮೀನಿಗೆ ಗುರುತು ಹಾಕಿ ಬಿಟ್ಟು, ಮರುವರ್ಷ ಅದೇ ಕಂಡಿಯಲ್ಲಿ ಹುಡುಕಬೇಕು.

ಇದೇ ಯೋಚನೆಯಲ್ಲಿ ಭದ್ರಾ ಅಣೆಕಟ್ಟಿನ ಕೆಳಗೆ ನಿಂತಿದ್ದೆ. ಪೂರ್ಣಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ಗಂಗಾಮೂಲದಿಂದ ಬರುವ ಜೂನ್ ತಿಂಗಳ ನೆರೆಯನ್ನೆಲ್ಲ ಜಲಾಶಯ ಕುಡಿಯುತ್ತದೆ. ಕ್ರೆಸ್ಟ್ ಗೇಟು ಎತ್ತುವುದು ಅದು ತುಂಬಿದ ಮೇಲೆ. ಅಲ್ಲಿಗೆ ಮೃಗಶಿರಾ ಕಳೆದು ಎಷ್ಟು ನಕ್ಷತ್ರ ದಾಟಿರುತ್ತವೋ. ಕಟ್ಟೆಯ ಕೆಳಗಿನ ಮೀನಿಗೆ ಹೊಸ ನೀರಿನ ಸುದ್ದಿ ತರುವವು ಶಂಕರಘಟ್ಟ, ಸಿಂಗನಮನೆ ಸುತ್ತಿನ ಸಣ್ಣ ಹಳ್ಳಗಳು ಮಾತ್ರ. ಆ ಹಳ್ಳಗಳನ್ನು ಮುಚ್ಚಿ ಸೈಟು ಮಾಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಮೆರಿಕದ ಎಲ್ವಾ ನದಿಯಲ್ಲಿ 2011ರಿಂದ 2014ರವರೆಗೆ ಎರಡು ಅಣೆಕಟ್ಟುಗಳನ್ನೇ ಕೆಡವಿದರು. ಸಾಲ್ಮನ್ ಮೇಲೆ ಹತ್ತಿತು. ಭದ್ರೆಯ ನೀರು ನಂಬಿದ ದಾವಣಗೆರೆಯ ಭತ್ತದವರಿಗೆ ಕಟ್ಟೆ ಕೆಡವೋಣ ಎಂದು ಹೇಳಲಾಗದು, ನಾನೂ ಹೇಳುವುದಿಲ್ಲ. ಹಳ್ಳ ಉಳಿಸುವುದಕ್ಕೆ ಕಟ್ಟೆ ಕೆಡವಬೇಕಿಲ್ಲ.

ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರವಿದೆ. ಕಾಟ್ಲಾ, ರೋಹುಗಳು ಕೊಳದಲ್ಲಿ ಮೊಟ್ಟೆ ತುಂಬಿಕೊಂಡರೂ ನಿಂತ ನೀರಲ್ಲಿ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧರಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ನೆರೆ ಹೇಳಬೇಕಾದದ್ದನ್ನು ಸೂಜಿ ಹೇಳಿತು. ಸಾಕುವ ಮೀನಿಗೆ ಈ ಉಪಾಯವಾಯಿತು. ಮುರುಗೋಡಿನ ಗದ್ದೆಗೆ ಬಂದು ಯಾರು ಚುಚ್ಚುತ್ತಾರೆ?

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಗದ್ದೆಬದುವಿನ ಕತ್ತಿಗೂ ಅಂಥ ತಡೆ ಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಿರಿಯರು ಒಪ್ಪಲಿಲ್ಲ. "ಇಳಿಯೋ ಮೀನು ಹಿಡಿಬೋದು ಸಾರ್, ಆದ್ರೆ ಹತ್ತೋ ಮೀನಿಗೇ ರುಚಿ" ಎಂದರು. ಇಳಿಯುವ ಮೀನು ಅಂದರೆ ಮೊಟ್ಟೆಯಿಟ್ಟು ಹಿಂದಿರುಗುವುದು. ಕೂಣಿಯ ಬಾಯನ್ನು ಮೇಲಕ್ಕೆ ತಿರುಗಿಸಿ ಹತ್ತು ದಿನ ತಡವಾಗಿ ಇಟ್ಟರೆ ಎಷ್ಟು ಸಿಕ್ಕೀತು? ಮುಂದಿನ ಆರಿದ್ರಾದಲ್ಲಿ ಒಂದು ಕಂಡಿಯಲ್ಲಿ ಹಾಗೆ ಇಟ್ಟು ನೋಡಲು ಅವರು ಒಪ್ಪಿದ್ದಾರೆ.