ನಗದೆ ಉಳಿಯುವ ಒಬ್ಬರು

ಕೆಲವು ವರ್ಷಗಳ ಹಿಂದೆ ಫರಂಗಿಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸೀರೆಯುಟ್ಟವರೊಬ್ಬರು ಬಂದು, "ಮಾಷ್ಟ್ರೇ, ಗುರುತು ಸಿಕ್ಕಿತೇ?" ಎಂದು ಕೇಳಿದರು. ಸಿಗಲಿಲ್ಲ. ಅವರು ತಮ್ಮ ಹಳೆಯ ಹೆಸರನ್ನು ಹೇಳಿದಾಗ ಎಂಟನೆಯ ತರಗತಿಯ ಕಿಟಕಿ ಪಕ್ಕದ ಬೆಂಚು ಕಣ್ಣ ಮುಂದೆ ಬಂತು. ಆ ಬೆಂಚಿನ ಹುಡುಗ ಪದ್ಯ ಓದಲು ಎದ್ದು ನಿಂತಾಗಲೆಲ್ಲ ಅವನ ಸ್ವರವನ್ನು ಅಣಕಿಸಿ ಮಕ್ಕಳು ನಗುತ್ತಿದ್ದರು. ಒಂದು ದಿನ ನಾನೂ ನಕ್ಕಿದ್ದೆ. ಆ ವರ್ಷವೇ ಅವನು ಶಾಲೆ ಬಿಟ್ಟ.

"ಮಕ್ಕಳ ನಗು ಮರೆತಿದ್ದೇನೆ ಮಾಷ್ಟ್ರೇ. ನಿಮ್ಮದು ಮಾತ್ರ ಮರೆಯಲಾಗಲಿಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಸೀಮೆಯ ವಿಚಿತ್ರವನ್ನು ನೋಡಿ. ಯಕ್ಷಗಾನದ ಸ್ತ್ರೀವೇಷಕ್ಕಾಗಿ ನಾವು ರಾತ್ರಿಯಿಡೀ ನಿದ್ದೆಗೆಟ್ಟವರು. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ಕೊಂಡಾಡದವರಿಲ್ಲ. ವೇಷ ಕಲೆ, ಕಲಾವಿದರ ಬದುಕು ಬೇರೆ. ಅದು ನನಗೆ ಗೊತ್ತು. ಆದರೆ ರಂಗಸ್ಥಳದಲ್ಲಿ ಗಂಡಸಿನ ಮೈಯಲ್ಲಿ ಹೆಣ್ಣಿನ ನಡೆಯನ್ನು ಮೆಚ್ಚಿದ ನಾವೇ, ಬೆಳಗಾದ ಮೇಲೆ ಅದೇ ನಡೆಯ ಹುಡುಗನನ್ನು ಅಂಗಡಿ ಜಗಲಿಯಿಂದ ಕೂಗಿ ಗೇಲಿ ಮಾಡುತ್ತೇವೆ.

ಕಾನೂನು ಬಹಳ ದೂರ ನಡೆದಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳಿಗೆ ಮಾನ್ಯತೆ ಕೊಟ್ಟಿತು. ವಯಸ್ಕರ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಹೇಳಿತು. 2021ರಲ್ಲಿ ಕರ್ನಾಟಕ ಸರಕಾರವು ತನ್ನ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ತಂದಿತು. ಅದೇ ವರ್ಷ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ರಾಷ್ಟ್ರಪತಿ ಭವನದಲ್ಲಿ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದರು. ಅದಕ್ಕೂ ಮೊದಲು, 2019ರಲ್ಲಿ, ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಆದರೆ ದೆಹಲಿಯ ತೀರ್ಪು ನಮ್ಮೂರ ಜಗಲಿಗೆ ತಾನಾಗಿ ನಡೆದು ಬರುವುದಿಲ್ಲ. ಯಾರಾದರೂ ಕೈಹಿಡಿದು ತರಬೇಕು. ಹಳ್ಳಿಯಲ್ಲಿ ಆ ಕೆಲಸ ಭಾಷಣದಿಂದ ಆಗದು. ಎಲ್ಲರೂ ಗುರುತಿಸುವ ಒಬ್ಬರು, ಎಲ್ಲರೂ ನಗುವ ಹೊತ್ತಿನಲ್ಲಿ ನಗದೆ ಉಳಿಯಬೇಕು.

ನನಗೆ ಅದು ತಡವಾಗಿ ತಿಳಿಯಿತು. ಕಳೆದ ವರ್ಷ ಬಯಲಾಟವೊಂದರಲ್ಲಿ ಅದೇ ವಿದ್ಯಾರ್ಥಿನಿ ಹಿಂದೆ ನಿಂತಿದ್ದರು. ಹುಡುಗರಿಬ್ಬರು ಏನೋ ಅಂದು ನಕ್ಕರು. ನಾನು ಎದ್ದು, ಅವರ ಈಗಿನ ಹೆಸರನ್ನೇ ಕರೆದು, "ಇಲ್ಲಿ ಬನ್ನಿ. ಇವರು ನನ್ನ ವಿದ್ಯಾರ್ಥಿನಿ" ಎಂದೆ. ನನ್ನ ಸ್ವರ ನಡುಗುತ್ತಿತ್ತು. ಹುಡುಗರು ಸುಮ್ಮನಾದರು. ಪಕ್ಕದಲ್ಲಿದ್ದ ದಿನಸಿ ಅಂಗಡಿಯವರು ಏನೂ ಹೇಳದೆ ತಮ್ಮ ಕುರ್ಚಿಯನ್ನು ಸರಿಸಿ ಜಾಗ ಮಾಡಿಕೊಟ್ಟರು. ಇಬ್ಬರಾದೆವು. ಮುಂಜಾನೆ ಮಂಗಳ ಹಾಡುವವರೆಗೂ ನಾವು ಮೂವರೂ ಒಟ್ಟಿಗೆ ಕುಳಿತು ಆಟ ನೋಡಿದೆವು.

ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಶಿಕ್ಷಕರಿದ್ದೀರಿ, ಪಂಚಾಯತು ಸದಸ್ಯರಿದ್ದೀರಿ, ಸ್ವಸಹಾಯ ಸಂಘ ನಡೆಸುವವರಿದ್ದೀರಿ, ತಂದೆತಾಯಿಯರಿದ್ದೀರಿ. ಅವರವರು ಆರಿಸಿಕೊಂಡ ಹೆಸರಿನಿಂದಲೇ ಕರೆಯಿರಿ. ಮಗುವನ್ನು ಮನೆಯಿಂದ ಹೊರಗೆ ಹಾಕಲು ಹೊರಟ ನೆರೆಯವರೊಡನೆ ಕುಳಿತು ಮಾತನಾಡಿ. ಎಲ್ಲ ಮಕ್ಕಳ ಮನಸ್ಸು ನಡಿಗೆಯಲ್ಲಿ ಕಾಣುವುದಿಲ್ಲ. ನಿಮ್ಮ ತಮಾಷೆಯನ್ನು ಕೇಳಿ ತನ್ನೊಳಗೇ ಮುದುಡುವ ಮಗು ನಿಮ್ಮ ಮನೆಯಲ್ಲೇ ಇರಬಹುದು.

ಅಂದು ಆ ತರಗತಿಯಲ್ಲಿದ್ದು ನಕ್ಕವರೂ ಇದನ್ನು ಓದುತ್ತಿರಬಹುದು. ನಿಮ್ಮ ಮೇಲೆ ತಪ್ಪು ಹೊರಿಸುವುದಿಲ್ಲ. ನೀವು ಮಕ್ಕಳಾಗಿದ್ದಿರಿ; ನಾನು ಮಾಷ್ಟ್ರಾಗಿದ್ದೆ.