ಗೇರ್‌ಬಾಕ್ಸಿಗೂ ಒಂದು ಎಣ್ಣೆ

ಕಾರಿನ ಮಾತು ಬಂದರೆ ನಮ್ಮವರು ಮೊದಲು ಕೇಳುವುದು ಮೈಲೇಜು. ಆಮೇಲೆ ಎಸಿ, ಆಮೇಲೆ ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಸುತ್ತದೆ ಎನ್ನುವುದು. ಎಂಜಿನ್ ಆಯಿಲ್ ಬದಲಿಸಿದ ತಾರೀಖನ್ನು ಬಾಯಲ್ಲೇ ಹೇಳುವವರಿದ್ದಾರೆ. ಗೇರ್ ಆಯಿಲ್ ಯಾವಾಗ ಬದಲಿಸಿದಿರಿ ಎಂದು ಅವರನ್ನೇ ಕೇಳಿ ನೋಡಿ, "ಅದಕ್ಕೂ ಬೇರೆ ಆಯಿಲ್ ಇದೆಯಾ?" ಅನ್ನುತ್ತಾರೆ. ಇದೆ. ಸಣ್ಣ ಕಾರುಗಳಲ್ಲಿ ಸುಮಾರು ಎರಡು ಲೀಟರು. ಎಂಜಿನ್ನಿನಿಂದ ಗಾಲಿಗೆ ಹೋಗುವ ಬಲವೆಲ್ಲ ಹಾಯುವ ಹಲ್ಲುಗಳನ್ನು ಕಾಯುವುದು ಆ ಎರಡು ಲೀಟರೇ.

ಮರೆತುಹೋಗುವುದಕ್ಕೆ ಕಾರಣವೂ ಇದೆ. ಎಂಜಿನ್ನಿಗೆ ತೊಂದರೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು ಎಣ್ಣೆ ನೋಡಬಹುದು. ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ದೀಪವೂ ಇಲ್ಲ, ಕಡ್ಡಿಯೂ ಇಲ್ಲ. ಆಕ್ಸಲ್ ಸೇರುವಲ್ಲಿರುವ ಆಯಿಲ್ ಸೀಲ್ ವಯಸ್ಸಾಗಿ ಗಟ್ಟಿಯಾಗುತ್ತದೆ, ಎಣ್ಣೆ ತೊಟ್ಟಿಕ್ಕತೊಡಗುತ್ತದೆ. ಕಾರು ನಿಲ್ಲಿಸುವ ಜಾಗದಲ್ಲಿ, ಮುಂದಿನ ಗಾಲಿಯ ಒಳಮಗ್ಗುಲಿಗೆ ಅಂಗೈಯಗಲ ಕಲೆ ಬಿದ್ದರೆ ಅದೊಂದೇ ಸೂಚನೆ. ಅದನ್ನೂ ನಾವು ಎಸಿಯ ನೀರು ಅಂದುಕೊಳ್ಳುತ್ತೇವೆ. ಬೆರಳಿಗೆ ಹಚ್ಚಿ ಮೂಸಿದರೆ ಗೊತ್ತಾಗುತ್ತದೆ. ಗೇರ್ ಆಯಿಲ್‌ಗೆ ಗಂಧಕದ ಘಾಟು. ಒಮ್ಮೆ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಈ ಎಣ್ಣೆಯ ಹತ್ತಿರ ಬೆಂಕಿ ಉರಿಯುವುದಿಲ್ಲ, ಮಸಿ ಸೇರುವುದಿಲ್ಲ. ಹಾಗಾಗಿ ಬಹಳ ಕಾಲ ಬಾಳುತ್ತದೆ ಎನ್ನುವುದು ನಿಜ. ಆದರೆ "ಲೈಫ್‌ಟೈಮ್ ಆಯಿಲ್ ಸಾರ್, ಮುಟ್ಟೋದೇ ಬೇಡ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಎನ್ನುವುದಕ್ಕೆ ಒಮ್ಮೆ ಗ್ಯಾರೇಜಿನಲ್ಲಿ ಎಣ್ಣೆ ಇಳಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಕೆಲಸ ಬಲ್ಲ ಮೆಕ್ಯಾನಿಕ್ ಕಾರನ್ನು ಒಂದು ಸುತ್ತು ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆಯೇ ಲಿಫ್ಟಿಗೆ ಏರಿಸುತ್ತಾನೆ. ಮೊದಲು ಬಿಚ್ಚುವುದು ಎಣ್ಣೆ ತುಂಬುವ ಮೇಲಿನ ಬೋಲ್ಟನ್ನು, ಆಮೇಲೆ ಕೆಳಗಿನ ಡ್ರೈನ್ ಬೋಲ್ಟನ್ನು. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ, ತುಕ್ಕು ಹಿಡಿದ ಮೇಲಿನ ಬೋಲ್ಟು ಜಪ್ಪಯ್ಯ ಅಂದರೂ ಅಲ್ಲಾಡದಿದ್ದರೆ ಕಾರು ಅಲ್ಲೇ ನಿಂತಿತು. ಡ್ರೈನ್ ಬೋಲ್ಟಿನ ತುದಿಯಲ್ಲಿ ಎಷ್ಟೋ ಕಾರುಗಳಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಅದಕ್ಕೆ ಕಡು ಬೂದುಬಣ್ಣದ ಮೆತ್ತನೆಯ ಪೇಸ್ಟು ಅಂಟಿರುತ್ತದೆ. ಎರಡು ಬೆರಳ ನಡುವೆ ತಿಕ್ಕಿದರೆ ನುಣ್ಣಗಿರಬೇಕು; ಅದು ಹಲ್ಲುಗಳ ಸಹಜ ಸವೆತ. ಚೂರು ಕೈಗೆ ಚುಚ್ಚಿದರೆ ಒಳಗೆ ಏನೋ ಮುರಿಯುತ್ತಿದೆ ಎಂದೇ ಅರ್ಥ. ಬದಲಿಸದೆ ಬಿಟ್ಟರೆ ಆ ಲೋಹದ ಪುಡಿಯೇ ಬೇರಿಂಗುಗಳನ್ನು ತಿನ್ನುತ್ತದೆ. ಬಹಳಷ್ಟು ಕಾರುಗಳಲ್ಲಿ 40,000ದಿಂದ 60,000 ಕಿ.ಮೀ. ಒಳಗೆ ಬದಲಿಸಿದರೆ ಕ್ಷೇಮ. ಕಾರಿನ ಜೊತೆ ಬಂದ ಪುಸ್ತಕ ಏನು ಹೇಳುತ್ತದೋ ಅದೇ ಪ್ರಮಾಣ.

ಯಾವ ಎಣ್ಣೆ ಎನ್ನುವುದರಲ್ಲೂ ಎಚ್ಚರ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ "ಗೇರ್ ಆಯಿಲ್ ಕೊಡಿ" ಎಂದಷ್ಟೇ ಕೇಳಿದರೆ ಸಾಲದು. ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಎಂದಿರುತ್ತದೆ. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು ಎಂದುಕೊಂಡರೆ ಎಡವಟ್ಟು. ಜಿಎಲ್-5ರಲ್ಲಿ ಒತ್ತಡ ತಡೆಯುವ ಗಂಧಕ, ರಂಜಕದ ಸಾಮಗ್ರಿ ಹೆಚ್ಚು. ಅದು ಡಿಫರೆನ್ಷಿಯಲ್ಲಿನ ಹೈಪಾಯ್ಡ್ ಹಲ್ಲುಗಳಿಗೆ ಬೇಕಾದದ್ದು. ಹಲವು ಗೇರ್‌ಬಾಕ್ಸುಗಳ ಹಿತ್ತಾಳೆಯ ಸಿಂಕ್ರೊ ಬಳೆಗಳಿಗೆ ಅದು ಆಗಿಬರುವುದಿಲ್ಲ.

ಈ ಸಿಂಕ್ರೊ ಬಳೆಗಳ ಬೆಲೆ ಗೊತ್ತಿರುವುದು ಹಳೆಯ ಡ್ರೈವರುಗಳಿಗೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಹಲ್ಲುಗಳನ್ನು ಒಂದೇ ವೇಗಕ್ಕೆ ತಂದು ಆಮೇಲೆ ಕೂಡಿಸುವುದು ಅವುಗಳ ಕೆಲಸ. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬರುವವರೆಗೆ ಆ ಕೆಲಸವನ್ನು ಡ್ರೈವರಿನ ಕಾಲೇ ಮಾಡಬೇಕಿತ್ತು. ನಮ್ಮ ಹಳೆಯ ಲಾರಿಗಳಲ್ಲಿ ಅದು ಎಷ್ಟೋ ಕಾಲ ಉಳಿದಿತ್ತು: ಕ್ಲಚ್ ಒತ್ತು, ನ್ಯೂಟ್ರಲ್‌ಗೆ ತಾ, ಕ್ಲಚ್ ಬಿಡು, ಆಕ್ಸಿಲರೇಟರ್ ಒಂದು ಸಲ ಮುಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕು. ಇದಿಷ್ಟೂ ಆಗುಂಬೆಯ 14 ತಿರುವುಗಳಂಥ ಕಡೆ, ಲೋಡು ತುಂಬಿಕೊಂಡು, ಉಸಿರು ಬಿಡುವಷ್ಟರಲ್ಲಿ ಮುಗಿಯಬೇಕು. ಆ ಕಾಲುಗಳ ವಿದ್ಯೆಗೆ ನಾನು ಕೈಮುಗಿಯುತ್ತೇನೆ.

ಹತ್ತಿದ ಗೇರಿನಲ್ಲೇ ಘಾಟಿ ಇಳಿಯಬೇಕು ಎಂದು ಅವರು ಹೇಳಿಕೊಟ್ಟದ್ದು ಇಂದಿಗೂ ಸತ್ಯ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುತ್ತೇವೆ ಎನ್ನುವವರನ್ನು ಕಂಡರೆ ನನಗೆ ಭಯ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದರೆ ಹಿಡಿಯುವುದಿಲ್ಲ. ಪೆಟ್ರೋಲೂ ಉಳಿಯುವುದಿಲ್ಲ. ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಕುಡಿಯುತ್ತಲೇ ಇರಬೇಕು.

ಕ್ಲಚ್ಚಿನದು ಇನ್ನೊಂದು ಕಥೆ. ಸಿಗ್ನಲ್ಲಿನ ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆಯದೆ ಹಾಫ್ ಕ್ಲಚ್ಚಿನಲ್ಲಿ ಕಾರನ್ನು ತಡೆದು ನಿಲ್ಲಿಸಿದಷ್ಟು ಹೊತ್ತೂ ಪ್ಲೇಟು ಉಜ್ಜಿ ಸುಡುತ್ತಿರುತ್ತದೆ. ಆಟೋಮ್ಯಾಟಿಕ್ ಕೊಂಡವರು ತಮಗೆ ಈ ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ ನಮ್ಮ ರಸ್ತೆಗೆ ಬಂತು. ಎಎಂಟಿ ಎಂದರೆ ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸು, ಅದೇ ಒಣ ಕ್ಲಚ್ ಪ್ಲೇಟು. ಒತ್ತುವುದು ಮಾತ್ರ ಕಾಲಲ್ಲ, ಯಂತ್ರ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಿಂದಲೇ ಕಾರನ್ನು ಹಿಡಿದು ನಿಲ್ಲಿಸಿದರೆ ಅದೂ ಸುಡುತ್ತದೆ. ಟಾರ್ಕ್ ಕನ್ವರ್ಟರ್, ಸಿವಿಟಿ ಇರುವ ಕಾರುಗಳದು ಬೇರೆ ದಾರಿ, ಅವುಗಳ ಎಣ್ಣೆಯೂ ಬೇರೆ; ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಕೆಟ್ಟಿತು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ನೀರು ನಿಂತಾಗ ಎಷ್ಟೋ ಕಾರುಗಳು ಮುಳುಗಿದವು. ಎಲ್ಲರ ಚಿಂತೆ ಎಂಜಿನ್ನಿನದು, ಸೀಟಿನದು. ಗೇರ್‌ಬಾಕ್ಸಿಗೂ ಉಸಿರಾಡಲು ಒಂದು ಸಣ್ಣ ಕಿಂಡಿ ಇರುತ್ತದೆ, ನೀರು ಅಲ್ಲಿಂದಲೂ ನುಗ್ಗುತ್ತದೆ. ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಂದು ದಿನವೂ ಬಿಡಬಾರದು. ಒಳಗಿನ ಬೇರಿಂಗು ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರಿಗೆ ನಾನು ತಪ್ಪದೆ ಹೇಳುವುದೊಂದಿದೆ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ, ನಿಧಾನವಾಗಿ, ಕೈಗೆ ಜೋರು ಮಾಡದೆ. ಗೊರ್ ಅಂದರೆ ಅಥವಾ ಗೇರು ಕೂರಲು ಒಪ್ಪದಿದ್ದರೆ ಸಿಂಕ್ರೊ ಸವೆದಿದೆ. ಸರ್ವಿಸ್ ಪುಸ್ತಕದಲ್ಲಿ ಗೇರ್ ಆಯಿಲ್ ಬದಲಿಸಿದ ನಮೂದು ಹುಡುಕಿ. ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು, ಕಾರು ಕೈಗೆ ಬಂದ ವಾರದಲ್ಲೇ ಬದಲಿಸಿ. ಬದಲಿಸುವಾಗ ಆಕ್ಸಲ್ ಸೀಲನ್ನೂ ನೋಡಲು ಹೇಳಿ.