ಬೆಳಿಗ್ಗೆ ಹೋಗಿ ಸಂಜೆಗೆ ಬರುವುದು

ಹೊಸಪೇಟೆಯಲ್ಲಿ ಮನೆ ಮಾಡಿದವನಿಗೆ ನೆಂಟರ ಬರವೆಂಬುದಿಲ್ಲ. ಅದು ಹಂಪಿಯ ಪುಣ್ಯ. ರಜೆ ಹತ್ತಿರ ಬಂದಿತೆಂದರೆ ಬೆಂಗಳೂರಿನಿಂದಲೋ ಪುಣೆಯಿಂದಲೋ ಫೋನು ಬರುತ್ತದೆ. ಯೋಗಕ್ಷೇಮದ ನಾಲ್ಕು ಮಾತು ಮುಗಿದ ಮೇಲೆ ಐದನೆಯದು ಎಲ್ಲರದೂ ಒಂದೇ: “ಹಂಪಿಗೆ ಒಂದು ದಿನ ಸಾಕು. ಇನ್ನೊಂದು ದಿನ ಉಳಿಯುತ್ತದೆ. ಬೆಳಿಗ್ಗೆ ಹೋಗಿ ಸಂಜೆಗೆ ಬರುವಂಥದು ಏನಿದೆ?”

ಹಂಪಿಗೆ ಒಂದು ದಿನ ಸಾಕೆ ಎಂಬುದನ್ನು ನಾನು ಚರ್ಚಿಸುವುದಿಲ್ಲ, ನೆಂಟಸ್ತಿಕೆ ಉಳಿಯಬೇಕಷ್ಟೆ. ಉಳಿದ ಆ ಒಂದು ದಿನದ ಮಾತೇ ಬೇರೆ. ಪ್ರವಾಸದ ಅಂಗಡಿಯವರು ಅದಕ್ಕೆ ಸಿದ್ಧ ಉತ್ತರ ಇಟ್ಟುಕೊಂಡಿರುತ್ತಾರೆ: ಆನೆಗೊಂದಿ, ಅಂಜನಾದ್ರಿ, ದರೋಜಿಯ ಕರಡಿಗಳು, ಕಾಲಲ್ಲಿ ಕಸುವಿದ್ದವರಿಗೆ ಬಾದಾಮಿ, ಐಹೊಳೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಲ್ಲಿ ಹೊಸಪೇಟೆಯೊಡನೆ ಕೂಡಿ ವಿಜಯನಗರ ಜಿಲ್ಲೆಯಾದವು. ಆದರೆ ನಾನು ಕಂಡ ಪಟ್ಟಿಗಳಲ್ಲಿ ಈ ಐದರ ಹೆಸರು ಬರುವುದು ಬಲು ಅಪರೂಪ. ಐದನ್ನೂ ಒಂದೇ ದಿನದಲ್ಲಿ ತೋರಿಸಿಬಿಡುತ್ತೇನೆ ಎನ್ನುವ ಧೀರ ಡ್ರೈವರನೊಬ್ಬನನ್ನು ನಾನು ಬಲ್ಲೆ. ಅವನು ತೋರಿಸುವುದು ರಸ್ತೆಯನ್ನು.

ಕೇಳಿದವರಿಗೆ ನಾನು ಹೇಳುವುದು ಇಷ್ಟೆ: ಒಂದು ದಿನಕ್ಕೆ ಒಂದು ದಿಕ್ಕು. ಕಲ್ಲಿನ ಕೆಲಸದಲ್ಲಿ ಆಸಕ್ತಿಯಿದ್ದರೆ ದಕ್ಷಿಣಕ್ಕೆ ಹೋಗಿ. ಕೊಟ್ಟೂರಿನಲ್ಲಿ ಬಸವೇಶ್ವರನಿಗೆ ಕೈಮುಗಿದು ಉಜ್ಜಿನಿಗೆ ಹೊರಳಿಕೊಳ್ಳಿ. ‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂದು ನಮ್ಮ ಕಡೆಯ ಮಾತು. ಹೊರಗಿನಿಂದ ಒಂದು ಫೋಟೋ ತೆಗೆದು ಹೊರಡುವವರಿಗೆ ಮರುಳಸಿದ್ಧೇಶ್ವರನ ಗುಡಿ ಏನನ್ನೂ ಕೊಡುವುದಿಲ್ಲ; ಒಳಗೆ ಹೋಗಿ ಕತ್ತೆತ್ತಿ ನಿಲ್ಲುವ ತಾಳ್ಮೆ ಬೇಕು. ಅಲ್ಲಿಂದ ಹರಪನಹಳ್ಳಿ, ಬಾಗಳಿಯ ಕಲ್ಲೇಶ್ವರ. ಚಾಲುಕ್ಯರ ಕಾಲದ ಕಂಬಗಳ ನಡುವೆ ಕುಳಿತವರಿಗೆ ಮಧ್ಯಾಹ್ನದ ಬಿಸಿಲು ಮರೆತುಹೋಗುತ್ತದೆ. ಹಕ್ಕಿಯ ಹುಚ್ಚಿನವರಿಗೆ ಹಗರಿಬೊಮ್ಮನಹಳ್ಳಿಯ ಹತ್ತಿರ ಅಂಕಸಮುದ್ರದ ಕೆರೆಯಿದೆ. ಊರವರು ಗದ್ದೆಗೆ ನೀರು ಬೇಕೆಂದು ಎಂದೋ ಕಟ್ಟಿಕೊಂಡ ಕೆರೆ, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿನ ಆಸ್ತಿಯಾಯಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲೂ ಕರಡಿಧಾಮವಿದೆ. ಕರಡಿ ಕಂಡೇ ಕಾಣುತ್ತದೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ.

ಪಶ್ಚಿಮದ ದಿಕ್ಕು ಹಡಗಲಿಯದು. ಹೊಳೆಯ ದಂಡೆಯ ಕುರುವತ್ತಿಯಲ್ಲಿ ಮಲ್ಲಿಕಾರ್ಜುನನ ಗುಡಿಯ ಮದನಿಕೆಯರನ್ನು ನೋಡದೆ ಬೇಲೂರಿನ ಶಿಲಾಬಾಲಿಕೆಯರನ್ನು ಹೊಗಳುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಇವರು ಅವರಿಗಿಂತ ಹಿರಿಯರು. ಅಕ್ಕನನ್ನು ಬಿಟ್ಟು ತಂಗಿಯನ್ನು ಮಾತಾಡಿಸಿದಂತಾಗುತ್ತದೆ. ಮೈಲಾರಕ್ಕೆ ಹೋಗುವವರು ಭರತ ಹುಣ್ಣಿಮೆಯ ಜಾತ್ರೆಗೇ ಹೋಗಬೇಕು. ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನ ಕಾರ್ಣಿಕಕ್ಕೆ ಅಲ್ಲಿ ನೆರೆದ ಜನವೆಲ್ಲ ಉಸಿರು ಹಿಡಿದಿರುತ್ತದೆ. ಅಂದು ಹೋದವರು ಸಂಜೆಗೆ ಮನೆ ಸೇರುವ ಆಸೆಯನ್ನು ಬಿಟ್ಟಿರಬೇಕು.

ಗೈಡು ಬೇಕೆ, ಬೇಡವೆ ಎಂಬುದು ಇನ್ನೊಂದು ಪ್ರಶ್ನೆ. ಹಂಪಿಯಲ್ಲಿ ಬೇಕು, ಇಲ್ಲದಿದ್ದರೆ ಕಲ್ಲಿನ ಕಾಡಿನಲ್ಲಿ ದಿಕ್ಕು ತಪ್ಪುತ್ತದೆ. ಈ ಕಡೆ ಅರ್ಚಕರು, ಶಾಲೆಯ ಮೇಷ್ಟ್ರು, ಕಟ್ಟೆಯ ಮೇಲೆ ಕುಳಿತ ಮುದುಕರು, ಇವರೇ ಗೈಡುಗಳು. ಇವರು ಹೇಳುವ ಇಸವಿ ಒಂದಿಷ್ಟು ಅತ್ತಿತ್ತ ಆಗಬಹುದು. ಆದರೆ ಗಡಿಯಾರ ನೋಡಿಕೊಂಡು “ಹತ್ತು ನಿಮಿಷ, ಸಾರ್” ಎನ್ನುವವರಲ್ಲ.

ಹೋದ ಮೇ ತಿಂಗಳಲ್ಲಿ ಪುಣೆಯಿಂದ ನನ್ನ ಸೋದರತ್ತೆ ಬಂದಿದ್ದರು. ಎಂಬತ್ತು ದಾಟಿದ್ದಾರೆ, ಜೊತೆಗೆ ಮೂವರು ಮೊಮ್ಮಕ್ಕಳು. ಮೊದಲ ದಿನ ಹಂಪಿಯ ಜೊತೆಗೆ ತುಂಗಭದ್ರಾ ಅಣೆಕಟ್ಟನ್ನೂ ಸೇರಿಸಿಕೊಂಡ ಪ್ರವಾಸ. ಗೈಡು ಒಳ್ಳೆಯ ಹುಡುಗ, ಚೆನ್ನಾಗಿಯೇ ಹೇಳಿದ: 33 ಗೇಟುಗಳು, 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದದ್ದು, ನೀರು ನುಗ್ಗುತ್ತಿರುವಾಗಲೇ ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಇಳಿಸಿದ್ದು. ಮೊಮ್ಮಕ್ಕಳು ಬಾಯಿ ಬಿಟ್ಟು ಕೇಳಿದರು. ಅತ್ತೆ ಮಾತ್ರ, “ಗೇಟು ಎಷ್ಟು ಅಂತ ಹೇಳಿದಿ ತಮ್ಮಾ. ನೀರಾಗ ಊರು ಎಷ್ಟು ಅದಾವ, ಅದನ್ನ ಹೇಳಲಿಲ್ಲಲ್ಲ?” ಎಂದರು.

ಹುಡುಗ ನನ್ನ ಮುಖ ನೋಡಿದ. ಮುಳುಗಿದವು ಸುಮಾರು 90 ಹಳ್ಳಿಗಳು. ಅವುಗಳಲ್ಲೊಂದು ಅತ್ತೆಯದು. 1953ರಲ್ಲಿ ಹೊಳೆಗೆ ಅಡ್ಡಗಟ್ಟೆ ಪೂರ್ತಿಯಾಗಿ ನೀರು ನಿಂತಾಗ ಅವರಿಗೆ ಎಂಟು ವರ್ಷ.

ಮರುದಿನಕ್ಕೆ ಬಾದಾಮಿಯ ಗಾಡಿಯಲ್ಲಿ ಐದು ಜಾಗ ಹಿಡಿದು ದುಡ್ಡು ಕೊಟ್ಟಾಗಿತ್ತು. ಅತ್ತೆ ರಾತ್ರಿ ಊಟಕ್ಕೆ ಕುಳಿತಾಗ, “ನಾ ಬಾದಾಮಿಗೆ ಬರಂಗಿಲ್ಲ. ನೀರು ಇಳಿದೈತಂತ. ನಮ್ಮೂರ ಕಡೀಗೆ ಕರಕೊಂಡು ಹೋಗಪಾ” ಎಂದರು. “ಅಲ್ಲಿ ನೋಡಲಿಕ್ಕೆ ಏನಿದೆ ಅಜ್ಜಿ?” ಎಂದು ಹಿರಿಯ ಮೊಮ್ಮಗ. ಪ್ರಶ್ನೆ ನ್ಯಾಯವಾದದ್ದೇ. ಅವನಿಗೂ ಇದ್ದದ್ದು ಒಂದೇ ದಿನ. ಕೊನೆಗೆ ಹುಡುಗರಿಬ್ಬರು ಬಾದಾಮಿಗೆ ಹೋದರು. ಹುಡುಗಿ ನಮ್ಮೊಡನೆ ಬಂದಳು. ಎರಡು ಜಾಗದ ದುಡ್ಡು ಮರಳಲಿಲ್ಲ. ಒಂದನ್ನು ನನ್ನ ನೆರೆಮನೆಯವರು ಕೊಂಡರು.

ಹಗರಿಬೊಮ್ಮನಹಳ್ಳಿ ದಾಟಿ ತಂಬ್ರಹಳ್ಳಿಯ ಕಡೆ ಹೋದೆವು. ಹಿನ್ನೀರು ಬಹುದೂರ ಹಿಂದಕ್ಕೆ ಸರಿದಿತ್ತು. ಬಿರುಕು ಬಿಟ್ಟ ಕಪ್ಪು ಮಣ್ಣು, ನಡುವೆ ಹಸುರು ಗರಿಕೆ, ಕುರಿಗಳು. ಅತ್ತೆ ಕಾರಿನಿಂದ ಇಳಿದು ಬಹಳ ಹೊತ್ತು ನೀರಿನ ಕಡೆ ನೋಡಲೇ ಇಲ್ಲ. ಬೆನ್ನ ಹಿಂದಿನ ಗುಡ್ಡಗಳನ್ನೇ ನೋಡುತ್ತಿದ್ದರು. ಆಮೇಲೆ ಹತ್ತು ಹೆಜ್ಜೆ ಅತ್ತ ನಡೆದರು, ಇತ್ತ ನಡೆದರು. “ಹೊಳೀಗೆ ಹೋಗಬೇಕಾದರ ಈ ಗುಡ್ಡ ಎಡಗೈಗೆ ಬರತಿತ್ತು” ಎಂದು ಎಡಗೈ ಚಾಚಿ ನಿಂತು, ಮೂಗಿನ ನೇರಕ್ಕೆ ಬೊಟ್ಟು ಮಾಡಿದರು: “ಅಲ್ಲಿ.” ಬಲೆ ಒಣಗಿಸುತ್ತಿದ್ದ ಮುದುಕನೊಬ್ಬ ಎದ್ದು ಬಂದ. “ಅಲ್ಲ ಬಿಡವ್ವ, ಆ ಊರು ಇನ್ನೂ ಕೆಳಗ” ಎಂದು ಬೇರೆ ಕಡೆ ಕೈ ತೋರಿದ. “ನೀ ಹುಟ್ಟಿದ್ದಿಯೇನೋ ಆವಾಗ?” “ಇಲ್ಲ. ನಮ್ಮಪ್ಪ ಹೇಳ್ತಿದ್ದ.” ಇಬ್ಬರಿಗೂ ಅರ್ಧ ಗಂಟೆ ವಾದ ನಡೆಯಿತು. ಯಾರ ಬಾವಿ, ಯಾರ ಕಣ, ಹನುಮಪ್ಪನ ಗುಡಿಯ ಬಾಗಿಲು ಯಾವ ದಿಕ್ಕಿಗೆ. ಹುಡುಗಿಗೆ ಕನ್ನಡ ಅರೆಬರೆ. ಆದರೂ ನೋಟ್‌ಬುಕ್ಕಿನಲ್ಲಿ ಗುಡ್ಡ, ಹೊಳೆ, ಬಾವಿ ಎಂದು ಗೆರೆ ಎಳೆದು ಒಂದು ನಕ್ಷೆ ಮಾಡಿದಳು. ಇಬ್ಬರು ಹೇಳಿದ ಎರಡು ಜಾಗದಲ್ಲೂ ಒಂದೊಂದು ಚುಕ್ಕೆ ಇಟ್ಟಳು.

ಸಂಜೆಗೆ ಮನೆಗೆ ಬರಲಾಗಲಿಲ್ಲ. ಇಷ್ಟು ದೂರ ಬಂದು ಹಡಗಲಿಯ ಮಲ್ಲಿಗೆ ಕೊಳ್ಳದೆ ಹೋಗುವುದುಂಟೆ ಎಂದು ಅತ್ತೆಯ ಹಟ. ಹಿಂದೆ ಇಲ್ಲಿಂದ ಹಂಪಿಯ ವಿರೂಪಾಕ್ಷನಿಗೆ ಹಡಗಿನಲ್ಲಿ ಹೂವು ಹೋಗುತ್ತಿತ್ತೆಂದು, ಅದರಿಂದಲೇ ಊರಿಗೆ ಈ ಹೆಸರೆಂದು ಹುಡುಗಿಗೆ ದಾರಿಯುದ್ದಕ್ಕೂ ಹೇಳಿದರು. ಪೇಟೆಯಲ್ಲಿ ಹೂವಿನವಳು ನಾಲ್ಕು ಮೊಳ ಅಳೆದಳು. ಅತ್ತೆ ಮಾಲೆಯನ್ನು ಕೈಗೆ ತೆಗೆದುಕೊಂಡು ತಮ್ಮ ಮೊಳದಿಂದ ಮತ್ತೆ ಅಳೆದು, ಮೂರೂವರೆಯೇ ಬಂದಿತೆಂದು ಜಗಳಕ್ಕೆ ನಿಂತರು.